ತಪ್ಪಿಲ್ಲದ ನಿರಾಕರಣೆ

ಬೆಳಿಗ್ಗೆ ಒಂಬತ್ತೂವರೆಗೆ ಬಂದ ಇಮೇಲಿನಲ್ಲಿ ಇದ್ದದ್ದು ಮೂರೇ ಸಾಲು. ಆಯ್ತಪ್ಪನ ದಿನ ಕೆಡಲು ಅಷ್ಟೇ ಸಾಕಾಯಿತು.

ಆಯ್ತಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ 'ಆಯ್ತು' ಎಂದು ತಲೆಯಾಡಿಸುವ ಗುಮಾಸ್ತನಿಗೆ ಕುರ್ಚಿ ಕಾರ್ಖಾನೆಯ ಸಹೋದ್ಯೋಗಿಗಳು ಕೊಟ್ಟ ಬಿರುದು. 'ಇಲ್ಲ' ಎಂಬ ಮಾತು ಅವನ ಗಂಟಲಿನವರೆಗೆ ಬಂದು, ಹೊರಗೆ ಯಾರಿದ್ದಾರೆಂದು ಇಣುಕಿ ನೋಡಿ, ಹಾಗೇ ವಾಪಸು ಹೋಗಿಬಿಡುತ್ತಿತ್ತು. ಅವನು ಸ್ಪ್ಯಾನಿಷ್ ಕಲಿತದ್ದೂ ಇದೇ ದೌರ್ಬಲ್ಯದಿಂದ. "ಸ್ಪೇನಿನಲ್ಲಿರೋ ನಮ್ಮ ದೊಡ್ಡ ಗಿರಾಕಿ ಬೇರೆ ಭಾಷೇಲಿ ಬರೆದ್ರೆ ಓದೋದೇ ಇಲ್ಲ. ಯಾರಾದ್ರೂ ಅವರ ಭಾಷೆ ಕಲೀತೀರಾ?" ಎಂದು ಮ್ಯಾನೇಜರು ಕೇಳಿದ ದಿನ, ಉಳಿದವರೆಲ್ಲ ಕಡತದೊಳಗೆ ಮುಖ ಹುದುಗಿಸಿದ್ದರು. ಆಯ್ತಪ್ಪ ತನ್ನ ಮನೆಯ ಮೇಲಿನ ಮಹಡಿಯ ಅಜ್ಜನ ಬಳಿ ಎರಡು ವರ್ಷ ಪಾಠ ಹೇಳಿಸಿಕೊಂಡ. ಅಜ್ಜ ಸ್ಪೇನ್ ದೇಶದ ಹಡಗುಗಳಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು.

ಗಿರಾಕಿ ಒಂದು ಕಾಲದಲ್ಲಿ ಶಾಲಾ ಮೇಷ್ಟ್ರು. ಕುರ್ಚಿ ವ್ಯಾಪಾರಕ್ಕಿಳಿದರೂ ಹಳೇ ಚಟ ಬಿಟ್ಟಿರಲಿಲ್ಲ. ಪತ್ರದಲ್ಲಿ ತಪ್ಪಿದ್ದರೆ ಕೆಂಪಕ್ಷರದಲ್ಲಿ ತಿದ್ದಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ವಾಪಸು ಕಳಿಸುತ್ತಿದ್ದರು. ಆಯ್ತಪ್ಪ ಇದುವರೆಗೆ ಏಳು ದಾಟಿರಲಿಲ್ಲ.

ಇವತ್ತು ಅವರು ಬರೆದಿದ್ದರು: 'ನಮ್ಮ ಅಂಗಡಿಗೆ ನಿಮ್ಮವರೊಬ್ಬರು ಎರಡು ವರ್ಷದ ಮಟ್ಟಿಗೆ ಬೇಕು. ನಿಮ್ಮ ಗುಮಾಸ್ತ ಬರುವರೇ? ಭಾಷೆ ಇನ್ನೂ ಕಚ್ಚಾ ಎಂಬುದೊಂದೇ ನನ್ನ ಅನುಮಾನ.'

"ಹೋಗೋದು ಬಿಡೋದು ನಿಮ್ಮಿಷ್ಟ," ಎಂದರು ಮ್ಯಾನೇಜರು. "ಬೇಡ ಅಂದ್ರೆ ನಾಲ್ಕು ಗಂಟೆಯೊಳಗೆ ನೀವೇ ಬರೆದು ತಿಳಿಸಿ. ಅವರ ಮನಸ್ಸು ಮಾತ್ರ ನೋಯಬಾರದು."

"ಆಯ್ತು ಸಾರ್."

ಆಯ್ತಪ್ಪನ ಹನ್ನೊಂದು ತಿಂಗಳ ಮಗಳು ಗೋಡೆ ಹಿಡಿದು ನಿಲ್ಲತೊಡಗಿ ನಾಲ್ಕು ದಿನವಾಗಿತ್ತು. ಇವತ್ತೋ ನಾಳೆಯೋ ಕೈಬಿಟ್ಟು ಹೆಜ್ಜೆ ಇಡುವವಳು. ಎರಡು ವರ್ಷ ಕಳೆದು ಬಂದರೆ, ಈ ಮಾಮ ಯಾರು ಎಂದು ಅಮ್ಮನ ಬೆನ್ನ ಹಿಂದೆ ಅಡಗಿಕೊಳ್ಳುತ್ತಾಳೆ. ಅದನ್ನು ನೆನೆದೇ ಅವನಿಗೆ ಅಳು ಬಂತು. ಹೆಂಡತಿಗೆ ಫೋನು ಮಾಡಿದ.

"ರೀ, ಜೀವಮಾನದಲ್ಲಿ ಒಂದೇ ಒಂದು ಸಲ ಇಲ್ಲ ಅನ್ನಿ," ಎಂದಳು ಅವಳು. "ನನಗೋಸ್ಕರ ಬೇಡ, ಇವಳಿಗೋಸ್ಕರ."

ಆಯ್ತಪ್ಪ ಬರೆಯಲು ಕೂತ. ಸುದ್ದಿ ಅಷ್ಟರಲ್ಲಿ ಕಚೇರಿಯೆಲ್ಲ ಸುತ್ತಿ ಬಂದಿತ್ತು.

"ಮೊದಲು ಚೆನ್ನಾಗಿ ಹೊಗಳಿ," ಎಂದು ಟೈಪಿಸ್ಟಮ್ಮ ಕುರ್ಚಿ ಎಳೆದುಕೊಂಡರು. "ಅವರ ಅಂಗಡಿ, ಅವರ ಊರು, ಅವರ ಆರೋಗ್ಯ. ಆಮೇಲೆ ವಿಷಯಕ್ಕೆ ಬನ್ನಿ."

"ಕಾರಣ ಕೊಡ್ರೀ, ಕಾರಣ!" ಎಂದ ಉಗ್ರಾಣದವನು. "ಬೆನ್ನುನೋವು ಅಂತ ಬರೀರಿ."

"ಕುರ್ಚಿ ಮಾಡೋರಿಗೇ ಬೆನ್ನುನೋವು ಅಂದ್ರೆ ನಮ್ಮ ಕುರ್ಚಿ ಯಾರು ಕೊಳ್ತಾರೆ?" ಎಂದು ಟೈಪಿಸ್ಟಮ್ಮ ಹರಿಹಾಯ್ದರು.

ಆಯ್ತಪ್ಪ ಇಬ್ಬರಿಗೂ ಆಯ್ತು ಎಂದ. ಒಂದು ಗಂಟೆಯ ಹೊತ್ತಿಗೆ ಪತ್ರ ಎರಡು ಪುಟಕ್ಕೆ ಬೆಳೆದು, ಬರೆದವನು ಹೋಗುತ್ತಾನೋ ಇಲ್ಲವೋ ಎಂಬುದು ಅವನಿಗೇ ತಿಳಿಯದಾಯಿತು.

"ತಲೆ ಯಾಕೆ ಕೆಡಿಸ್ಕೋತೀರಿ?" ಎಂದ ಉಗ್ರಾಣದವನು ಬೇಸತ್ತು. "ತಪ್ಪೋ ಒಪ್ಪೋ, ಏನೋ ಒಂದು ಗೀಚಿ ಬಿಸಾಕಿ."

ಆಯ್ತಪ್ಪನಿಗೆ ಎಲ್ಲಿತ್ತೋ ಸ್ವಾಭಿಮಾನ, ಸಿಡಿದೆದ್ದಿತು. "ಇಲ್ಲ ಅಂತಿರೋದೇ ಮೊದಲ ಸಲ. ಅದರಲ್ಲೂ ತಪ್ಪು ಮಾಡಲಾ?" ಎಂದವನೇ ಊಟದ ಬಿಡುವಿನಲ್ಲಿ ಅಜ್ಜನ ಬಳಿಗೆ ಓಡಿದ.

ಅಜ್ಜ ಎರಡೂ ಪುಟ ಓದಿ ಕನ್ನಡಕ ತೆಗೆದರು. "ಮುಳುಗೋ ಹಡಗಿಂದ ಇಷ್ಟುದ್ದ ಸುದ್ದಿ ಕಳಿಸಿದ್ದಿದ್ರೆ ನಾನು ಎಂದೋ ಮೀನಿಗೆ ಊಟ ಆಗಿರ್ತಿದ್ದೆ ಕಣೋ." ಪೆನ್ಸಿಲು ಹಿಡಿದು ಹೊಗಳಿಕೆ ಹೊಡೆದರು, ಬೆನ್ನುನೋವು ಹೊಡೆದರು, ಕೊನೆಗೆ ಉಳಿದದ್ದು ಒಂದು ಸಾಲು: 'ಲಮೆಂತೊ ತೆನೆರ್ ಕೆ ರೆಚಸಾರ್ ಸು ಅಮಾಬ್ಲೆ ಒಫೆರ್ತಾ.' ನಿಮ್ಮ ಪ್ರೀತಿಯ ಆಹ್ವಾನವನ್ನು ನಿರಾಕರಿಸಬೇಕಾಗಿದೆ, ವಿಷಾದಿಸುತ್ತೇನೆ.

"ಬರೆದರೆ ಸಾಲದು, ಬಾಯಲ್ಲೂ ಬರಬೇಕು," ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಇಪ್ಪತ್ತು ಸಲ ಹೇಳಿಸಿದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಆಯ್ತಪ್ಪ ಆ ಸಾಲು ಕಳಿಸಿದ. ದೊಡ್ಡ ಮೂಟೆ ಇಳಿಸಿದಂತೆ ಹಗುರಾಗಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಚಹಾ ತರಿಸಿದ.

ಚಹಾ ಆರುವ ಮೊದಲೇ ಉತ್ತರ ಬಂತು. ಮ್ಯಾನೇಜರು ಅವನನ್ನು ಕರೆದು ಕೂರಿಸಿಕೊಂಡರು. "ಗಟ್ಟಿಯಾಗಿ ಓದಿ, ಅರ್ಥ ಹೇಳಿ."

ಕೆಂಪಕ್ಷರ ಒಂದೂ ಇರಲಿಲ್ಲ. ಆಯ್ತಪ್ಪ ಅರ್ಥ ಹೇಳುತ್ತ ಹೋದಂತೆ ಅವನ ದನಿ ಕುಗ್ಗುತ್ತ ಹೋಯಿತು. "ಹತ್ತಕ್ಕೆ ಹತ್ತು. ಇಷ್ಟು ಶುದ್ಧವಾದ ನಿರಾಕರಣೆಯನ್ನು ನನ್ನ ಶಿಷ್ಯರು ಕೂಡ ಬರೆದಿಲ್ಲ. ನನ್ನ ಅನುಮಾನ ನೀಗಿತು. ಇಂಥವರನ್ನು ಬಿಟ್ಟುಕೊಡಲಾರೆ." ಮುಂದಿನದನ್ನು ನುಂಗಿಬಿಡೋಣವೆಂದರೆ, ಕೆಳಗೇ ವಿಮಾನದ ಚಿತ್ರವಿದ್ದ ಟಿಕೆಟ್ಟು, ಅದರಲ್ಲಿ ಅವನ ಹೆಸರು.

"ನಮ್ಮ ಕಾರ್ಖಾನೆಗೇ ಹೆಮ್ಮೆ ಕಣ್ರೀ! ಈಗೇನಂತೀರಿ?" ಎಂದರು ಮ್ಯಾನೇಜರು. ಬಾಗಿಲಲ್ಲಿ ಟೈಪಿಸ್ಟಮ್ಮ, ಉಗ್ರಾಣದವನು, ಅವರ ಹಿಂದೆ ಇಡೀ ಕಚೇರಿ.

ಆಯ್ತಪ್ಪನಿಗೆ ಗೋಡೆ ಹಿಡಿದು ನಿಂತ ಮಗಳು ಕಣ್ಣಿಗೆ ಕಟ್ಟಿದಳು. ಮುಷ್ಟಿ ಬಿಗಿಹಿಡಿದ. 'ಇಲ್ಲ' ಗಂಟಲಿಗೆ ಬಂತು, ಬಾಗಿಲಲ್ಲಿದ್ದ ಗುಂಪನ್ನು ಇಣುಕಿ ನೋಡಿತು, ವಾಪಸು ಹೋಯಿತು. ಅದರ ಹಿಂದೆಯೇ ಮೆಟ್ಟಿಲ ಮೇಲೆ ಇಪ್ಪತ್ತು ಸಲ ಹೇಳಿದ್ದು ನುಗ್ಗಿ ಬಂತು. ಆಯ್ತಪ್ಪ ಎದ್ದು ನಿಂತು, ಮೇಜು ಕುಟ್ಟಿ, ಗಟ್ಟಿಯಾಗಿ ಹೇಳಿಯೇಬಿಟ್ಟ:

"ಲಮೆಂತೊ ತೆನೆರ್ ಕೆ ರೆಚಸಾರ್ ಸು ಅಮಾಬ್ಲೆ ಒಫೆರ್ತಾ!"

ಕಚೇರಿ ಕಿತ್ತುಹೋಗುವಂತೆ ಚಪ್ಪಾಳೆ.

"ನೋಡಿ, ನೋಡಿ! ಈಗಲೇ ಆ ದೇಶದವರ ಹಾಗೇ ಮಾತಾಡ್ತಿದ್ದಾರೆ!" ಮ್ಯಾನೇಜರು ಅವನ ಎರಡೂ ಕೈ ಹಿಡಿದು ಕುಲುಕಿದರು. "ಹೊರಡೋಕೆ ತಯಾರಿ ಮಾಡ್ಕೊಳ್ಳಿ, ಆಯ್ತಾ?"

"ಆಯ್ತು ಸಾರ್," ಎಂದ ಆಯ್ತಪ್ಪ.

ಸಂಜೆ ಮನೆಯ ಬಾಗಿಲು ತೆರೆದಾಗ ಮಗಳು ಗೋಡೆ ಬಿಟ್ಟು, ತೂರಾಡುತ್ತ ಮೂರು ಹೆಜ್ಜೆ ಇಟ್ಟು ಬಂದು ಅವನ ಕಾಲು ತಬ್ಬಿಕೊಂಡಳು. ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು, "ಇಲ್ಲ ಅಂದ್ರಾ?"

"ಎರಡು ಸಲ ಅಂದೆ," ಎಂದ ಆಯ್ತಪ್ಪ ಮಗಳನ್ನು ಎತ್ತಿಕೊಳ್ಳುತ್ತ. "ಒಂದಕ್ಕೆ ಹತ್ತಕ್ಕೆ ಹತ್ತು ಬಂತು. ಇನ್ನೊಂದಕ್ಕೆ ಚಪ್ಪಾಳೆ."

"ಹಾಗಾದ್ರೆ?"

"ಒಂದನೇ ತಾರೀಕು ಬೆಳಿಗ್ಗೆ ಆರಕ್ಕೆ ವಿಮಾನ."