ಸೆಕೆಂಡ್ ಹಾಡುವ ಭಾವ

ನನ್ನ ಭಾವನಿಗೆ ಈ ಪ್ರಪಂಚದಲ್ಲಿ ಒಂದೇ ಒಂದು ಹಾಡು ಬರುತ್ತದೆ. ಅದೂ ಅರ್ಧ.

ಅರ್ಧವೆಂದರೆ ಮೊದಲರ್ಧವಲ್ಲ, ಕೊನೆಯರ್ಧವೂ ಅಲ್ಲ. ಶುರುವಿನಿಂದ ಕೊನೆಯತನಕ ಪೂರ್ತಿ ಹಾಡುತ್ತಾರೆ, ಆದರೂ ಅರ್ಧವೇ. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಹಾಡಿ ಬೆಳೆದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಇಬ್ಬರು ಸೇರಿ ಹಾಡುವಾಗ ಒಬ್ಬರು ಹಾಡಿನ ನಿಜವಾದ ರಾಗವನ್ನು ಹಿಡಿಯುತ್ತಾರೆ. ಅದು ಫಸ್ಟ್. ಇನ್ನೊಬ್ಬರು ಅದರ ಕೆಳಗೆ, ಅದಕ್ಕೆ ಹೊಂದುವ ಹಾಗೆ, ಬೇರೆಯೇ ಒಂದು ದಾರಿಯಲ್ಲಿ ನಡೆಯುತ್ತಾರೆ. ಅದು ಸೆಕೆಂಡ್. ಫಸ್ಟ್ ಜೊತೆಗಿದ್ದರೆ ಸೆಕೆಂಡ್ ಕೇಳಲು ಸ್ವರ್ಗ. ಫಸ್ಟ್ ಇಲ್ಲದ ಬರೀ ಸೆಕೆಂಡನ್ನು ಯಾವಾಗಲಾದರೂ ಕೇಳಿದ್ದೀರಾ? ರಿಸೆಪ್ಶನ್ ವೇದಿಕೆಯ ಮೇಲೆ ಮದುಮಗಳಿಲ್ಲದೆ ಮದುಮಗನೊಬ್ಬನೇ ನಗುತ್ತ ನಿಂತ ಹಾಗಿರುತ್ತದೆ!

ನನ್ನ ಭಾವ ಸೆಕೆಂಡ್. ಫಸ್ಟ್ ಹಾಡುತ್ತಿದ್ದವಳು ನನ್ನ ಅಕ್ಕ.

ಹಾಡು ಅರವತ್ತರ ದಶಕದ್ದು, ಇಂಗ್ಲೆಂಡಿನ ಇಬ್ಬರು ಹುಡುಗರು ಹಾಡಿದ್ದು. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಗುನುಗುತ್ತೀರಿ, ನೀವು ಗುನುಗಿದ್ದು ಹೇಗೋ ಭಾವನ ಕಿವಿಗೆ ಬೀಳುತ್ತದೆ, ಆಮೇಲೆ ಅದರ ಚರಿತ್ರೆಯನ್ನು ಪೂರ್ತಿ ಕೇಳದೆ ನೀವು ಏಳುವ ಹಾಗಿಲ್ಲ. ಚರಿತ್ರೆ ಏನೆಂದರೆ, ಅದು ಬರೆದವನಿಗೇ ಬೇಡವಾದ ಹಾಡು. ಅವನ ಜೊತೆಗಾರರೇ ಅದನ್ನು ಕೇಳಿ ನಕ್ಕರಂತೆ. ಅವನೂ ಅರ್ಧಕ್ಕೇ ಬಿಟ್ಟು ಮೂಲೆಗೆ ಹಾಕಿದ್ದನಂತೆ. ಈ ಇಬ್ಬರು ಹುಡುಗರಿಗೆ ಗ್ರಾಮಫೋನ್ ಪ್ಲೇಟು ಮಾಡುವ ಅವಕಾಶ ಸಿಕ್ಕಿತ್ತು, ಹಾಡು ಇರಲಿಲ್ಲ. ಹೋಗಿ ಬಿಸಾಡಿದ ಹಾಡನ್ನೇ ಕೇಳಿದರು. ಉಳಿದ ಸಾಲು ಬರೆದು ಕೊಡು ಎಂದು ಅವನ ಬೆನ್ನು ಬಿದ್ದರು. ಅಂತೂ ಬರೆಸಿಕೊಂಡು ಹಾಡಿಯೇಬಿಟ್ಟರು. ಪ್ಲೇಟು ಇಂಗ್ಲೆಂಡಿನ ನೆತ್ತಿಗೇರಿ ಕುಳಿತಿತು, ಅಲ್ಲಿಂದ ಹಡಗಿನಲ್ಲಿ ಕೆಲಸಕ್ಕಿದ್ದ ಭಾವನ ಸೋದರಮಾವನ ಪೆಟ್ಟಿಗೆಯಲ್ಲಿ ಬೊಂಬಾಯಿಗೆ ಬಂದು, ಬಸ್ಸು ಹತ್ತಿ ಉಡುಪಿ ಕಡೆಗೂ ಬಂತು. ಇಷ್ಟು ಹೇಳಿ ಮುಗಿಸಿದ ಮೇಲೆ ಭಾವ ಪ್ರತಿಸಲವೂ ಕೇಳುಗನ ಮೊಣಕೈ ಹಿಡಿದು ಹೇಳುತ್ತಾರೆ: "ಬೇಡ ಅಂತ ಬಿಟ್ಟದ್ದನ್ನು ಇಬ್ಬರು ಸೇರಿ ಎತ್ತಿದ್ರು ಮಾರಾಯ. ಒಬ್ಬನ ಕೈಲಿ ಆಗ್ತಿರ್ಲಿಲ್ಲ."

ಅಕ್ಕನಿಗೂ ಭಾವನಿಗೂ ಪರಿಚಯವಾದದ್ದೇ ಊರಿನ ಇಗರ್ಜಿಯ ಗಾಯನ ಮಂಡಳಿಯಲ್ಲಿ. ಮದುವೆಗಳಲ್ಲಿ ಮದುಮಕ್ಕಳು ಕುಣಿಯುವಾಗ ಇವರಿಬ್ಬರು ಈ ಹಾಡನ್ನು ಹಾಡುತ್ತಿದ್ದರು. ಹಾಗೆ ಎಷ್ಟೋ ಮಂದಿಯ ಮದುವೆಯಲ್ಲಿ ಹಾಡಿ ಹಾಡಿ ಕೊನೆಗೆ ತಾವೂ ಮದುವೆಯಾದರು. ಕೆಲಸಕ್ಕೆಂದು ಇಲ್ಲಿ ಖತಾರಿನ ದೋಹಾಕ್ಕೆ ಬಂದ ಮೇಲೂ ನಿಲ್ಲಿಸಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಮೀನು ಹುರಿಯುತ್ತ ಒಂದು ಸಾಲು ಎತ್ತಿಕೊಂಡರೆ ಸಾಕು, ಭಾವ ಬಚ್ಚಲಿನಲ್ಲಿದ್ದರೂ ಅಲ್ಲಿಂದಲೇ ಸೆಕೆಂಡ್ ಬರುತ್ತಿತ್ತು.

ಕಳೆದ ವರ್ಷ ಅಕ್ಕನಿಗೆ ಥೈರಾಯಿಡ್ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆಗೆ ಸ್ವರವೂ ಹೋಯಿತು. ನರ ತುಂಡಾಗಿಲ್ಲ, ಸುಸ್ತಾಗಿದೆ ಅಷ್ಟೇ, ಮಾತಾಡುತ್ತಿದ್ದರೆ ಮೆಲ್ಲಗೆ ಮರಳುತ್ತದೆ, ಸುಮ್ಮನೆ ಕುಳಿತರೆ ಅದಕ್ಕೂ ಸುಮ್ಮನಿರುವುದೇ ಅಭ್ಯಾಸವಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಕ್ಕ ಮನೆಗೆ ಬಂದು ಒಮ್ಮೆ ಭಾವನನ್ನು ಚಹಾಕ್ಕೆ ಕರೆದಳು. ತುಕ್ಕು ಹಿಡಿದ ಗೇಟು ತೆರೆದಂಥ ಸದ್ದು ಬಂತು. ಅದನ್ನು ಕೇಳಿ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಹೌದಿಗೆ ಒಂದು ರೀತಿ ತಲೆಯಾಡಿಸುವುದು, ಅಲ್ಲಕ್ಕೆ ಇನ್ನೊಂದು ರೀತಿ. ಊಟಕ್ಕೆ ಕರೆಯಬೇಕಾದರೆ ಅಡುಗೆಮನೆಯಿಂದ ಹಾಲಿಗೆ ವಾಟ್ಸ್ಆ್ಯಪ್!

ನಾನು ಹುಟ್ಟಾ ಚಿಂತೆಯ ಮನುಷ್ಯ. ವಿಮಾನ ಮೇಲೇರಿದ ನಂತರವೂ ಪಾಸ್‌ಪೋರ್ಟ್ ಇದೆಯೇ ಎಂದು ಕಿಸೆ ಮುಟ್ಟಿ ನೋಡಿಕೊಳ್ಳುವವನು. ಅಂಥವನಿಗೆ ಮಾತಾಡದ ಅಕ್ಕನೊಬ್ಬಳು ಸಿಕ್ಕರೆ ಕೇಳಬೇಕೇ? ಅಲ್ ವುಕೈರ್‌ನ ನನ್ನ ಫ್ಲ್ಯಾಟಿನಿಂದ ಮದೀನತ್ ಖಲೀಫಾದ ಅವರ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದವನು ದಿನ ಬಿಟ್ಟು ದಿನ ಓಡತೊಡಗಿದೆ. ಹೋಗಿ ಮಾಡುವುದೇನು? ಒಂದು ಕಡೆ ಅಕ್ಕ ಮೌನವಾಗಿ ಬೀನ್ಸ್ ಹೆಚ್ಚುತ್ತಿರುತ್ತಾಳೆ, ಇನ್ನೊಂದು ಕಡೆ ಭಾವ ಒಬ್ಬರೇ ಸೆಕೆಂಡ್ ಹಾಡುತ್ತಿರುತ್ತಾರೆ. ನಡುವೆ ನಾನು, ಯಾರ ಕಡೆ ನೋಡಲಿ ಎಂದು ತಿಳಿಯದೆ ಟಿವಿ ನೋಡುತ್ತಿರುತ್ತೇನೆ. ಟಿವಿ ಹಾಕಿರುವುದಿಲ್ಲ.

ಫಸ್ಟ್ ನಿಂತು ಹೋಯಿತೆಂದು ಭಾವ ತಮ್ಮ ಪಾಲು ನಿಲ್ಲಿಸಲಿಲ್ಲ ನೋಡಿ, ಅನಾಹುತವೆಲ್ಲ ಅಲ್ಲಿಂದಲೇ. ನಮ್ಮ ಆಫೀಸಿನ ಮಲಯಾಳಿ ಮಿತ್ರರೊಬ್ಬರನ್ನು ಒಮ್ಮೆ ಅವರ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಭಾವ ಚರಿತ್ರೆ ಶುರುಮಾಡಿದರು. ಆ ಹುಡುಗರು ಹಾಡು ಕೇಳಲು ಹೋಗುವಷ್ಟರಲ್ಲಿ ಬಿರಿಯಾನಿ ತಣ್ಣಗಾಗಿತ್ತು. ಪ್ಲೇಟು ಬೊಂಬಾಯಿ ತಲುಪುವಾಗ ಮಿತ್ರರ ಕಣ್ಣು ಅರ್ಧ ಮುಚ್ಚಿತ್ತು. ಮರ್ಯಾದೆಗೆಂದು ಅವರು ಹಾಡು ಹೇಗಿದೆ ಎಂದು ಕೇಳಿಬಿಟ್ಟರು. ಭಾವ ಎದ್ದು ನಿಂತು ಸೆಕೆಂಡನ್ನು ಪೂರ್ತಿ ಹಾಡಿದರು. ಮೆಟ್ಟಿಲು ಇಳಿಯುವಾಗ ಮಿತ್ರರು ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಮನೆಯಲ್ಲಿ ಯಾರಾದರೂ ಇತ್ತೀಚೆಗೆ ತೀರಿಕೊಂಡಿದ್ದಾರೆಯೇ ಎಂದು ವಿಚಾರಿಸಿದರು.

ಮನುಷ್ಯರು ಸಿಗದಿದ್ದರೆ ಯಂತ್ರಗಳು. ಖತಾರಿನಲ್ಲಿ ವರ್ಷದ ಮುಕ್ಕಾಲು ಭಾಗ ನಿಲ್ಲದೆ ಹಾಡುವುದು ಎಸಿ ತಾನೇ? ಅವರ ಹಾಲಿನ ಹಳೆಯ ಎಸಿ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ಭಾವ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಅದಕ್ಕೇ ಸೆಕೆಂಡ್ ಕೊಡತೊಡಗಿದರು. ನನಗೆ ತಡೆಯಲಾಗದೆ ಕಟ್ಟಡದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಏನೋ ಬಿಚ್ಚಿ, ಒರೆಸಿ, ಸದ್ದಿಲ್ಲದಂತೆ ಮಾಡಿ ಹೋದ. ಭಾವ ಎಸಿಯನ್ನು ಬಹಳ ಹೊತ್ತು ನೋಡಿದರು.

"ಒಳ್ಳೆ ಸ್ವರ ಇತ್ತು ಪಾಪದ್ದಕ್ಕೆ," ಎಂದರು. "ಅದನ್ನೂ ಖಲಾಸ್ ಮಾಡಿಸಿದಿಯಲ್ಲ ನೀನು."

ಆ "ಅದನ್ನೂ" ಎಂಬ ಮಾತು ನನ್ನನ್ನು ಒಂದು ವಾರ ತಿಂದಿತು. ಅಕ್ಕನ ಆಪರೇಷನ್ನಿಗೆ ಆಸ್ಪತ್ರೆಯನ್ನು ಸೂಚಿಸಿದ್ದು ನಾನೇ ಅಲ್ಲವೇ!

ಸ್ವರದ ವ್ಯಾಯಾಮ ಹೇಳಿಕೊಡಲು ಲೆಬನಾನಿನ ಒಬ್ಬ ಹೆಂಗಸು ಗೊತ್ತಾದರು. ಅಕ್ಕನಿಗೆ "ಆ" ಎನ್ನಲು ಹೇಳಿದರು. ಅಕ್ಕ ಗೋಡೆ ನೋಡಿದಳು. ಆಕೆ ಮತ್ತೆ ಹೇಳಿದರು. ಅಕ್ಕ ಇನ್ನೊಂದು ಗೋಡೆ ನೋಡಿದಳು. ಸುಮ್ಮನಿರಲಾರದ ಭಾವ ಆಗ ಇಂಗ್ಲೆಂಡಿನ ಇಬ್ಬರು ಹುಡುಗರ ವಿಷಯ ತೆಗೆದರು. ನಮ್ಮ ಪಾಲಿನ ಹೊತ್ತು ಮುಗಿದಾಗ ಆ ಹೆಂಗಸಿಗೆ ಹಾಡಿನ ಚರಿತ್ರೆ ಬಾಯಿಪಾಠವಾಗಿತ್ತು, ಅಕ್ಕನ ಬಾಯಿ ಇದ್ದಲ್ಲೇ ಇತ್ತು. ಮುಂದಿನ ಸಲ ರೋಗಿಯೊಬ್ಬರೇ ಒಳಗೆ ಬಂದರೆ ಸಾಕು ಎಂದು ಆಕೆ ಬಾಗಿಲವರೆಗೂ ಬಂದು ಹೇಳಿದರು. ಮುಂದಿನ ಸಲ ಅಕ್ಕ ಕಾರಿನಿಂದಲೇ ಇಳಿಯಲಿಲ್ಲ.

ಅವತ್ತು ಕಾರು ನಿಲ್ಲಿಸಿದ ಜಾಗದಲ್ಲೇ, ಅಕ್ಕನಿಗೆ ಕೇಳದಷ್ಟು ದೂರ ಹೋಗಿ ನಾನು ಭಾವನ ಜೊತೆ ಜಗಳವಾಡಿದೆ. ಜಗಳವೆಂದರೆ ನನ್ನ ಜಗಳ. ಅರ್ಧ ಬೇಡಿಕೆ, ಅರ್ಧ ಅಳು. ಆ ಹಾಡು ಕೇಳಿದಾಗಲೆಲ್ಲ ಅವಳಿಗೆ ಹೋದ ಸ್ವರ ನೆನಪಾಗುವುದಿಲ್ಲವೇ, ಸ್ವಲ್ಪ ದಿನ ನಿಲ್ಲಿಸಬಾರದೇ, ಹೀಗೇ ಆದರೆ ಅವಳು ಎಂದೆಂದಿಗೂ ಮೂಕಿಯಾಗುತ್ತಾಳೆ ಎಂದೆಲ್ಲ ಹೇಳಿದೆ. ಭಾವ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು.

"ನಾನು ನಿಲ್ಲಿಸಿದ್ರೆ," ಎಂದರು, "ಅವಳು ಎಲ್ಲಿಗೆ ಬಂದು ಸೇರೋದು?"

ನಾನು ಕಿಸೆ ಮುಟ್ಟಿ ನೋಡಿಕೊಂಡೆ. ಕಾರಿನ ಕೀಲಿ ಇತ್ತು.

ಇದರ ನಡುವೆ ಅವರ ಮದುವೆಗೆ ಮೂವತ್ತು ವರ್ಷ ತುಂಬಿತು. ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಎಲ್ಲರೂ ನನ್ನ ಮನೆಗೆ ಊಟಕ್ಕೆ ಬರುವುದೆಂದಾಯಿತು. ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಮೂವತ್ತನೆಯ ವರ್ಷಕ್ಕೆ ಹಾಡು ಆಗಲೇಬೇಕು ಎಂದು ಭಾವ ಸಾರಿಬಿಟ್ಟರು. ಸೆಕೆಂಡ್ ತಾನಿದ್ದೇನೆ, ಫಸ್ಟ್‌ಗೆ ಒಬ್ಬರನ್ನು ಹುಡುಕುವುದು ಅಷ್ಟೇ ಎಂದರು. ಅಕ್ಕನ ಮುಂದೆಯೇ! ಅಕ್ಕ ತಲೆಯನ್ನು ಹೌದಿಗೂ ಆಡಿಸಲಿಲ್ಲ, ಅಲ್ಲಕ್ಕೂ ಆಡಿಸಲಿಲ್ಲ.

ಮೊದಲು ಇಲ್ಲಿನ ನಮ್ಮ ಗಾಯನ ಮಂಡಳಿಯ ಗೋವಾದ ಹುಡುಗ ಬಂದ. ಜೇನಿನಂಥ ಸ್ವರ. ಅವನು ಹಾಡಿದ್ದು ಕೇಳಿ ನನ್ನ ಹೆಂಡತಿ ಒಲೆಯ ಮೇಲಿದ್ದ ಹಾಲನ್ನು ಮರೆತಳು. ಭಾವ ಅವನಿಗೆ ಚಹಾ ಕುಡಿಸಿ ಕಳಿಸಿದರು. "ತುಂಬ ಚೆಂದ ಹಾಡ್ತಾನೆ. ಆಗ್ಲಿಕ್ಕಿಲ್ಲ," ಎಂದರು. ಶಾಲೆಯಲ್ಲಿ ಇಂಗ್ಲಿಷನ್ನೇ ಉಸಿರಾಡುವ ನನ್ನ ಮಗಳು, ಯೂಟ್ಯೂಬಿನಲ್ಲಿ ಅದೇ ಹುಡುಗರು ಹಾಡಿದ್ದಿದೆ, ಹಚ್ಚಿ ಅದರ ಜೊತೆ ಹಾಡಿ ಎಂದು ಸಲಹೆ ಕೊಟ್ಟಳು. ಭಾವ ಅವಳನ್ನು ಕನಿಕರದಿಂದ ನೋಡಿದರು. "ಅದರಲ್ಲಿ ಸೆಕೆಂಡ್ ಮೊದಲೇ ಉಂಟು ಮಗಾ. ಮತ್ತೆ ನನಗೆಂತ ಕೆಲಸ?"

ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಿತ್ತು.

ನನ್ನ ಗಾಯನದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಊರಿನ ಮಂಡಳಿಯಲ್ಲಿ ಚಿಕ್ಕಂದಿನಲ್ಲಿ ನಾನೂ ನಿಲ್ಲುತ್ತಿದ್ದೆ. ಹಬ್ಬದ ದಿನಗಳಲ್ಲಿ ಮಾಸ್ಟರರು ನನ್ನ ಹತ್ತಿರ ಬಂದು, ನೀನು ಬಾಯಿ ಮಾತ್ರ ಆಡಿಸು, ದೇವರಿಗೆ ತಿಳಿಯುತ್ತದೆ ಎನ್ನುತ್ತಿದ್ದರು. ಇದನ್ನೆಲ್ಲ ನೆನಪಿಸಿ, ನಾನೇ ಯಾಕೆ ಎಂದು ಭಾವನನ್ನು ಗೋಗರೆದೆ.

"ನಿನ್ನದು ಅವಳ ಮನೆಯದ್ದೇ ಗಂಟಲು," ಎಂದರು ಭಾವ. ವಿಚಾರಣೆ ಮುಗಿಯಿತು.

ಅಭ್ಯಾಸ ನನ್ನ ಕಾರಿನಲ್ಲಿ. ಸಿಗ್ನಲ್ಲಿನಲ್ಲಿ ನಿಂತಾಗ ನಾನು ಎತ್ತುವುದು, ಭಾವ ಸೇರುವುದು. ಪಕ್ಕದ ಕಾರಿನವರು ಗಾಜು ಏರಿಸುವುದು. ನನಗೆ ಎರಡನೆಯ ಸಾಲು ಹತ್ತಲೇ ಇಲ್ಲ. ಅಲ್ಲಿ ರಾಗ ಎಲ್ಲಿಗೋ ಹೋಗುತ್ತದೆ, ನಾನು ಇನ್ನೆಲ್ಲಿಗೋ ಹೋಗುತ್ತೇನೆ. ತಿದ್ದಿ ಎಂದರೆ ಭಾವ ತಿದ್ದುತ್ತಿರಲಿಲ್ಲ. ಫಸ್ಟ್ ಹೇಗೆಂದು ಹಾಡಿ ತೋರಿಸಿ ಎಂದರೆ ಸುತರಾಂ ಒಪ್ಪುತ್ತಿರಲಿಲ್ಲ. ಅದು ತನ್ನ ಭಾಗವಲ್ಲವಂತೆ! ಆ ವಾರವಿಡೀ ನನಗೆ ಊಟ ರುಚಿಸಲಿಲ್ಲ. ಜನರೆದುರು ಮಾನ ಹೋಗುವುದಕ್ಕಲ್ಲ, ಅದು ಹೋಗಿ ಬಹಳ ಕಾಲವಾಗಿದೆ. ಅಕ್ಕನ ಹಾಡನ್ನು ಅಕ್ಕನ ಮುಂದೆ ಕೊಲ್ಲಬೇಕಲ್ಲ, ಅದಕ್ಕೆ. ಇದನ್ನು ಕೇಳಿದ ಮೇಲೆ ಅವಳಲ್ಲಿ ಉಳಿದಿರುವ ಒಂದಿಷ್ಟು ಆಸೆಯೂ ಸತ್ತರೆ?

ಶುಕ್ರವಾರ ಬಂದೇ ಬಂತು. ಹಾಲಿನ ತುಂಬ ನಮ್ಮ ಕಡೆಯ ಜನ, ಕೈಯಲ್ಲಿ ಇಡ್ಲಿಯಂಥ ಸನ್ನಾ ಮತ್ತು ಕೋಳಿ ಸುಕ್ಕದ ತಟ್ಟೆ. ಅಕ್ಕ ಸೋಫಾದ ತುದಿಯಲ್ಲಿ ನೀಲಿ ಸೀರೆಯುಟ್ಟು, ಕತ್ತಿನ ಗಾಯಕ್ಕೆ ಸೆರಗು ಮುಚ್ಚಿಕೊಂಡು ಕುಳಿತಿದ್ದಳು. ಭಾವ ಪುಣ್ಯಕ್ಕೆ ಚರಿತ್ರೆಯನ್ನು ಚಿಕ್ಕದು ಮಾಡಿ ಮುಗಿಸಿ ನನಗೆ ಸನ್ನೆ ಮಾಡಿದರು. ನಾನು ಎತ್ತಿದೆ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಬಿದ್ದೆ. ಭಾವ ಕೈಯೆತ್ತಿ ನಿಲ್ಲಿಸಿ, ಮೊದಲಿಂದ ಎಂದರು. ಮತ್ತೆ ಎತ್ತಿದೆ, ಮತ್ತೆ ಅಲ್ಲೇ ಬಿದ್ದೆ. ಜನ ತಟ್ಟೆ ನೋಡತೊಡಗಿದರು. ಮೊದಲಿಂದ ಎಂದರು ಭಾವ, ಶಾಂತವಾಗಿ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಮೂರನೆಯ ಸಲ ಬಿದ್ದ ಹಾಗೆ ನಾನು ಜೀವನದಲ್ಲೇ ಬಿದ್ದಿಲ್ಲ.

"ಅಲ್ಲಿ ಮೇಲೆ ಹೋಗೋದಲ್ಲ ಮಾರಾಯ."

ಯಾರ ಮಾತು ಎಂದು ಮೊದಲು ತಿಳಿಯಲಿಲ್ಲ. ಅಷ್ಟು ಒರಟಾಗಿತ್ತು, ಅಷ್ಟು ಒಡೆದಿತ್ತು.

"ಇಳಿಯೋದು," ಎಂದಳು ಅಕ್ಕ. ತಟ್ಟೆಯನ್ನು ನನ್ನ ಮಗಳ ಕೈಗೆ ಕೊಟ್ಟು, ನನ್ನ ಮೇಲಿನ ಸಿಟ್ಟಿನಲ್ಲೇ, ಇಳಿಯುವುದು ಹೇಗೆಂದು ಹಾಡಿ ತೋರಿಸಿದಳು. ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಅರ್ಧ ಗಾಳಿ, ಅರ್ಧ ಸ್ವರ. ನಡುನಡುವೆ ಏನೂ ಇಲ್ಲ, ತುಟಿ ಮಾತ್ರ. ಆದರೆ ರಾಗ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಯಿತು. ಒಂದು ಸಾಲು ಮುಗಿಸಿ ಅವಳು ಇನ್ನೊಂದಕ್ಕೆ ಕಾಲಿಟ್ಟಳು.

ಭಾವ ಹಾಡಲಿಲ್ಲ. ಎಸಿಗೂ ಸೆಕೆಂಡ್ ತಪ್ಪಿಸದ ಮನುಷ್ಯ, ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದರು.

ಅಕ್ಕ ನಿಲ್ಲಿಸಿ ಅವರ ಕಡೆ ನೋಡಿದಳು.

"ಹಾಡಿ ಮಾರಾಯ್ರೆ," ಎಂದಳು. "ನಾನೊಬ್ಬಳೇ ಹೇಗೆ ಹಾಡ್ಲಿ?"

ಜೇನಿನ ಸ್ವರದವನನ್ನು ಬಿಟ್ಟು ನನ್ನನ್ನೇ ಯಾಕೆ ಹಿಡಿದರೆಂದು ಈಗ ಹೊಳೆದು, ನಾನು ಮೆಲ್ಲಗೆ ಸರಿದು ಬಾಗಿಲ ಹತ್ತಿರ ಹೋಗಿ ನಿಂತೆ. ಅಕ್ಕ ಮೊದಲಿನಿಂದ ಎತ್ತಿಕೊಂಡಳು. ಭಾವ ಸೇರಿದರು. ಅವರು ಎಷ್ಟು ಮೆಲ್ಲಗೆ ಹಾಡಿದರೆಂದರೆ, ಅಕ್ಕನ ಆ ಇಷ್ಟೇ ಇಷ್ಟು ಸ್ವರ ಬಾಗಿಲ ಹತ್ತಿರ ನಿಂತವರಿಗೂ ಕೇಳಿಸಿತು.