ಸೇಡಂ ಶಾಖೆಯ ಸಪೋರ್ಟು

ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದೆಂದು ಗೊತ್ತಾದ ದಿನವೇ ಸೇಡಂ ಶಾಖೆಯಲ್ಲಿ ಅರ್ಧ ಮಂದಿಗೆ ಬಿ.ಪಿ. ಏರಿತು. ಮೌಸ್ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ನಂಬಿದವರೂ ಇದ್ದರು. ಸಿಬ್ಬಂದಿಯ ಅಂಜಿಕೆ ಹೋಗಲಿ, ಮೊದಲು ಕಂಪ್ಯೂಟರಿನಲ್ಲಿ ಆಟ ಆಡಿ ಕೈ ಪಳಗಿಸಿಕೊಳ್ಳಲಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಆ ಅಪ್ಪಣೆ ಕೊಟ್ಟ ಪುಣ್ಯಾತ್ಮ ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ. ಕ್ಲರ್ಕ್ ಧೀರೇಂದ್ರನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಕಂಪ್ಯೂಟರಿನಲ್ಲಿದ್ದ ಇಸ್ಪೀಟಿನಾಟ ಮ್ಯಾನೇಜರ್ ರೇವಣಪ್ಪನವರಿಗೆ ಒಂದೇ ವಾರಕ್ಕೆ ಬೇಸರ ಬಂತು. ಬಸ್ ಸ್ಟ್ಯಾಂಡಿನ ಎದುರಿಗೆ ಸೈಬರ್ ಕೆಫೆ ಇಟ್ಟಿದ್ದ ಅಬ್ದುಲ್ ಕರೀಮ್ ಅವರಿಗೆ ಬೇರೊಂದು ಆಟ ತೋರಿಸಿದ. ಈ ಕಡೆ ಐದು ಮಂದಿ, ಆ ಕಡೆ ಐದು ಮಂದಿ, ಎರಡೂ ಕಡೆಗೆ ಒಂದೊಂದು ಕೋಟೆ. ವೈರಿಯನ್ನು ಕೊಂದರೆ ಬಂಗಾರ ಸಿಗುತ್ತದೆ, ಬಂಗಾರ ಕೊಟ್ಟರೆ ಕತ್ತಿ ಗುರಾಣಿ ಸಿಗುತ್ತವೆ, ಎದುರಿನವರ ಕೋಟೆ ಒಡೆದವರು ಗೆದ್ದ ಹಾಗೆ. ಸತ್ತವನು ತುಸು ಹೊತ್ತಿಗೆ ಮತ್ತೆ ಹುಟ್ಟಿ ಬರುತ್ತಾನೆ. ಹಾಗಾಗಿ ಸತ್ತರೂ ಬಿಡುಗಡೆ ಇಲ್ಲ.

ಐವರಿಗೂ ಬೇರೆ ಬೇರೆ ಕೆಲಸ. ಬಂಗಾರವೆಲ್ಲ ತಿಂದು ಬಲಿತು ಕೊನೆಗೆ ಕೋಟೆ ಒಡೆಯುವವನಿಗೆ ಕ್ಯಾರಿ ಎಂದು ಹೆಸರು. ಮುಂದೆ ನಿಂತು ಏಟು ತಿನ್ನುವವನು ಟ್ಯಾಂಕ್. ನಡುದಾರಿಯ ಬುರುಜು ಕಾಯುವುದಕ್ಕೆ ಒಬ್ಬ, ಕಾಡಿನಲ್ಲಿ ಅಡ್ಡಾಡಿ ಹೊಂಚು ಹಾಕುವುದಕ್ಕೆ ಒಬ್ಬ. ಉಳಿದವನು ಸಪೋರ್ಟು. ಇವನು ತನ್ನ ಬಂಗಾರದಲ್ಲಿ ಉಳಿದವರಿಗೆ ಔಷಧ ಕೊಳ್ಳಬೇಕು, ಕತ್ತಲಿದ್ದಲ್ಲಿ ದೀಪ ನೆಡಬೇಕು, ಕ್ಯಾರಿ ಸಾಯುವ ಹೊತ್ತಿಗೆ ಅಡ್ಡ ಬಂದು ತಾನು ಸಾಯಬೇಕು. ಯಾರ ಕೈ ಚುರುಕು ಎಂದು ನೋಡಿ ಹಂಚಬೇಕಾದ ಈ ಕೆಲಸಗಳನ್ನು ರೇವಣಪ್ಪನವರು ಸೀನಿಯಾರಿಟಿ ನೋಡಿ ಹಂಚಿದರು.

"ಕ್ಯಾರಿ ಅಂದ್ರ ಮ್ಯಾನೇಜರ್, ಅಂದ್ರ ನಾ. ಅಡ್ಡಾಡೋ ಕೆಲಸ ಫೀಲ್ಡ್ ಆಫೀಸರ್ ನರಸಪ್ಪಂದು. ಬುರುಜು ಕಾಯೋದು ಕ್ಯಾಶಿಯರ್ ಲಲಿತಾಬಾಯಿ. ಪ್ಯೂನ್ ಹಾಜಿಮಲಂಗ್ ಮುಂದ ನಿಂತು ಹೊಡತ ತಿನ್ಲಿ. ಬಾಗಿಲ್ದಾಗ ನಿಂತು ಮಂದಿ ಕಡಿಂದ ಬೈಸ್ಕೊಂಡು ಅವಂಗ ರೂಢಿ ಅದ."

"ನಾನ್ರಿ ಸರ?" ಎಂದ ಧೀರೇಂದ್ರ.

"ನೀವು ಕ್ಲರ್ಕ್ ಇದ್ದೀರಿ. ಸಪೋರ್ಟು. ಅದ್ರಾಗ ಕೇಳೋದೇನದ?"

ಧೀರೇಂದ್ರನಿಗೆ ಯಾವ ಆಟವೂ ಬೇಕಿರಲಿಲ್ಲ. ಬೇಕಾದದ್ದು ಗುಲ್ಬರ್ಗಾಕ್ಕೆ ವರ್ಗ ಒಂದೇ. ಹೆಂಡತಿ ಪ್ರಮಿತಾ ಅಲ್ಲಿ ಶಾಲೆಯ ಟೀಚರು. ಮೂರು ವರ್ಷದ ಮಗಳು ವೃಂದಾ ಅಪ್ಪನನ್ನು ಕಾಣುತ್ತಿದ್ದದ್ದು ವಾರಕ್ಕೊಮ್ಮೆ, ಐತವಾರದ ರಜೆಯಲ್ಲಿ ಮಾತ್ರ. ಹೀಗಾಗಿ ಆ ಕೂಸು ಅವನನ್ನು 'ಸೇಡಂ ಮಾಮಾ' ಎಂದು ಕರೆಯುತ್ತಿತ್ತು. ಮೊದಲ ಸಲ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಇವನೂ ನಕ್ಕ. ಈಗೀಗ ಆ ಮಾತು ಕೇಳಿದರೆ ಅವನಿಗೆ ನಗು ಬರುತ್ತಿರಲಿಲ್ಲ.

ಈ ಆಟದ ಹುಚ್ಚು ಬ್ಯಾಂಕಿನ ಬೇರೆ ಶಾಖೆಗಳಿಗೂ ಹಬ್ಬಿ ತಮ್ಮತಮ್ಮಲ್ಲೇ ಪಂದ್ಯಗಳು ಶುರುವಾಗಿದ್ದವು. ಒಂದು ಐತವಾರ ಬೆಳಿಗ್ಗೆ ಗುಲ್ಬರ್ಗಾ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕುಳಿತಿದ್ದವನನ್ನು ರೇವಣಪ್ಪನವರು ಕೆಳಗಿನಿಂದ ಕರೆದರು.

"ಎಲ್ಲಿಗಿ ಹೊಂಟೀರಿ? ಇಳೀರಿ ಇಳೀರಿ. ಇವತ್ತ ಗುಲ್ಬರ್ಗಾ ರೀಜನಲ್ ಆಫೀಸಿನ ಟೀಮ್ ಬರ್ಲಿಕತ್ತದ. ಮ್ಯಾಚ್ ಅದ."

"ಸರ, ಮಗಳು ದಾರಿ ಕಾಯ್ಲಿಕತ್ತಾಳ್ರಿ."

"ಮಗಳು ಎಲ್ಲಿಗಿ ಓಡಿ ಹೋಗ್ತಾಳ? ಇಲ್ಲಿ ಕೇಳ್ರಿ. ಇವತ್ತ ನಮ್ಮ ಶಾಖಾ ಗೆಲ್ತಂದ್ರ ನಿಮ್ಮ ಟ್ರಾನ್ಸ್‌ಫರ್ ಮಾತು ನಾನೇ ಎತ್ತತೀನಿ. ಸೋತಿವಂದ್ರ ಮತ್ತ ನಂಗ ಕೇಳಬ್ಯಾಡ್ರಿ."

ಧೀರೇಂದ್ರ ಚೀಲ ಇಳಿಸಿಕೊಂಡು ಹೆಂಡತಿಗೆ ಫೋನ್ ಮಾಡಿದ. ಆಕೆ ಪೂರ್ತಿ ಕೇಳಿಸಿಕೊಂಡು, "ದೊಡ್ಡ ಮನಷ್ಯಾ ಆಗಿ ಆಟ ಆಡ್ಲಿಕ್ಕೆ ನಿಂತೀರಿ?" ಎಂದಳು. "ನಿಮ್ಮ ಸಲುವಾಗೇ ಆಡ್ಲಿಕತ್ತೀನಿ" ಎಂದ. ಇದನ್ನು ಯಾವ ಹೆಂಡತಿ ತಾನೇ ನಂಬುತ್ತಾಳೆ? ಫೋನ್ ಕಟ್ಟಾಯಿತು.

ಕೆಫೆಯ ಮೆಟ್ಟಿಲ ಮೇಲೆ ನರಸಪ್ಪ ನಿಂತಿದ್ದ. ಊರ ಉಸಾಬರಿಯೆಲ್ಲ ತಲೆ ಮೇಲೆ ಹೊತ್ತು ತಿರುಗುವ ಪ್ರಾಣಿ ಅದು. ಧೀರೇಂದ್ರನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಆ ಟೀಮಿನ ಕ್ಯಾರಿ ಯಾರು ಗೊತ್ತದೇನ್ರಿ? ರೀಜನಲ್ ಮ್ಯಾನೇಜರ್ ಸಿದ್ಧಲಿಂಗ ಸಾಹೇಬ್ರು. ನಿಮ್ಮ ಟ್ರಾನ್ಸ್‌ಫರ್‌ಗೆ ಸಹಿ ಹಾಕೋರು ಅವರೇ."

"ಹಂಗಾರ?"

"ಹಂಗಾರ ಏನು? ಹೋದ ತಿಂಗಳು ಶಹಾಬಾದ ಶಾಖಾದವ್ರು ಅವ್ರನ್ನ ಸೋಲಿಸಿದ್ರು. ಅಲ್ಲಿನ ಕ್ಲರ್ಕ್ ಈಗ ಟ್ರಾನ್ಸ್‌ಫರ್ ಆಗಿ ಚಿಂಚೋಳಿ ಅಡವ್ಯಾಗ ಚಂದ್ರಂಪಳ್ಳಿ ಡ್ಯಾಮಿನ ನೀರು ನೋಡ್ಕೋಂತ ಕುಂತಾನ."

"ಇದು ಮೊದಲ್ಯಾಕ ಹೇಳ್ಲಿಲ್ರಿ ನರಸಪ್ಪ?"

"ನೀವು ಕೇಳಿದ್ದಿಲ್ಲಲ."

ಅತ್ತ ದರಿ, ಇತ್ತ ಪುಲಿ. ಗೆದ್ದರೆ ಸಹಿ ಹಾಕುವವರಿಗೆ ಸಿಟ್ಟು, ಸೋತರೆ ಮಾತೆತ್ತುವವರಿಗೆ ಸಿಟ್ಟು. ಧೀರೇಂದ್ರ ರಾಯರನ್ನು ನೆನೆದು ಕಂಪ್ಯೂಟರಿನ ಮುಂದೆ ಕುಳಿತ. ಕೆಫೆಯ ನಡುಗೋಡೆಯ ಆ ಬದಿಗೆ ಸಿದ್ಧಲಿಂಗ ಸಾಹೇಬರ ಟೀಮು, ಈ ಬದಿಗೆ ಇವರು.

ಆಟ ಶುರುವಾದ ಕೂಡಲೇ ಶಾಖೆಯ ಮಾನ ಹೋಯಿತು. ಪರದೆಯ ಮೇಲೆ ಸಾಹೇಬರು ಆಡಿಸುವ, ತಲೆ ಮೇಲೆ ಅವರದೇ ಹೆಸರಿದ್ದ ಬಂಟ ಕೊಡಲಿ ಹಿಡಿದು ಬಂದದ್ದೇ ತಡ, ಹಾಜಿಮಲಂಗ್ ಮೌಸ್ ಬಿಟ್ಟು ಎದ್ದು ನಿಂತ. ಅವನ ಟ್ಯಾಂಕು ನಿಂತಲ್ಲೇ ಸತ್ತಿತು.

"ಏ ಹಾಜಿ, ಕುಂದ್ರೋ. ಯಾಕ ಎದ್ದಿ?" ಎಂದು ರೇವಣಪ್ಪನವರು ಚೀರಿದರು.

"ದೊಡ್ಡ ಸಾಬ್ ಬಂದ್ರಲ್ರಿ ಸಾಬ್. ಕುಂತ್ರ ಹ್ಯಾಂಗ?"

ನರಸಪ್ಪ ಕಾಡಿನಲ್ಲಿ ಸಾಹೇಬರ ಬಂಟನನ್ನು ಕಂಡಾಗಲೆಲ್ಲ ಗಿಡದ ಮರೆಗೆ ಸರಿದು ದಾರಿ ಬಿಟ್ಟ. ಲಲಿತಾಬಾಯಿ ಬುರುಜು ಬಿಟ್ಟು ಒಂದು ಹೆಜ್ಜೆ ಕದಲಲಿಲ್ಲ. "ಲಲಿತಾಬಾಯಾರ, ಸಾಯ್ಲಿಕತ್ತೀನಿ, ಇತ್ತ ಬರ್ರಿ" ಎಂದು ಮ್ಯಾನೇಜರರೇ ಬೇಡಿಕೊಂಡರೂ, "ಕ್ಯಾಬಿನ್ ಬಿಟ್ಟು ಬರ್ಲಿಕ್ಕೆ ನಂಗ ಪರ್ಮಿಶನ್ ಇಲ್ರಿ" ಎಂದುಬಿಟ್ಟರು. ರೇವಣಪ್ಪನವರೋ ಬಂಗಾರ ಕಂಡಲ್ಲಿ ಹಸಿದ ಎಮ್ಮೆಯ ಹಾಗೆ ನುಗ್ಗಿ ಹೊಡೆತ ತಿಂದು, "ಧೀರೇಂದ್ರ, ಔಷಧಾ! ಎಲ್ಲಿ ಸತ್ತೀರಿ?" ಎಂದು ಒದರುತ್ತಿದ್ದರು. ಧೀರೇಂದ್ರ ಖರೆ ಖರೆ ಸತ್ತಿದ್ದ. ಅವರಿಗೆ ಅಡ್ಡ ಹೋಗಿಯೇ ಸತ್ತಿದ್ದ.

ಅವನು ಸತ್ತ ಗಳಿಗೆಯಲ್ಲೇ ಗೋಡೆಯಾಚೆ ಸಾಹೇಬರ ನಗು ಕೇಳಿಸಿತು. ಬಾಯ್ತುಂಬಾ ನಗು. ಕೋಟೆಯ ಬುರುಜು ಬಿದ್ದಾಗಲೂ ಅವರು ಅಷ್ಟು ನಕ್ಕಿರಲಿಲ್ಲ.

ಧೀರೇಂದ್ರನ ತಲೆಯಲ್ಲಿ ದೀಪ ಹತ್ತಿತು. ಸಾಹೇಬರಿಗೆ ಕೋಟೆಗಿಂತ ಕೊಲ್ಲುವುದರಲ್ಲೇ ಖುಷಿ. ರೇವಣಪ್ಪನವರಿಗೆ ಬೇಕಾದದ್ದು ಕೋಟೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ. ಕೋಟೆ ಇವರು ಒಡೆಯಲಿ, ನನ್ನನ್ನು ಅವರು ಕೊಲ್ಲಲಿ ಎಂದುಕೊಂಡ.

ಹುಟ್ಟಿ ಬಂದವನೇ ಸಾಹೇಬರ ಕಣ್ಣಿಗೆ ಬೀಳುವಂತೆ ಸುಳಿದು, ನಕ್ಷೆಯ ಒಂದು ಮೂಲೆಯ ಕಾಡಿಗೆ ಓಡಿದ. ಸಾಹೇಬರು ಬೆನ್ನು ಹತ್ತಿದರು. ಮೂಲೆ ಮುಟ್ಟಿಸಿ ಸತ್ತ. ಮತ್ತೆ ಹುಟ್ಟಿದ, ಇನ್ನೊಂದು ಮೂಲೆಗೆ ಓಡಿದ, ಅಲ್ಲಿ ಸತ್ತ. ಸಲೀಸಾಗಿ ಸಿಕ್ಕರೆ ಸಾಹೇಬರಿಗೆ ಸಂಶಯ ಬಂದೀತೆಂದು ಒಮ್ಮೊಮ್ಮೆ ತಪ್ಪಿಸಿಕೊಂಡು, ಅವರು ಹಲ್ಲು ಕಡಿಯುವ ಹೊತ್ತಿಗೆ ಸರಿಯಾಗಿ ಎದುರಿಗೆ ಬಿದ್ದು ಸತ್ತ. "ಸಿಕ್ಕಾ ನೋಡ್ರಿ, ಮತ್ತ ಸಿಕ್ಕಾ" ಎಂದು ಗೋಡೆಯಾಚೆ ಸಾಹೇಬರು ಕೂಸಿನ ಹಾಗೆ ಕೇಕೆ ಹಾಕುತ್ತಿದ್ದರು. ಸಾಹೇಬರೇ ಓಡಿದ ಮೇಲೆ ಅವರ ಟೀಮಿನವರು ಹಿಂದೆ ಉಳಿಯುವುದುಂಟೇ? ನಾಲ್ವರೂ ಅವರ ಬೆನ್ನಿಗೇ ಓಡಿದರು.

ಇತ್ತ ಬರಿದಾದ ಕೋಟೆಯನ್ನು ರೇವಣಪ್ಪನವರು ಒಬ್ಬರೇ ಹೋಗಿ ಒಡೆದರು. ಸೇಡಂ ಗೆದ್ದಿತು.

ಕೆಫೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಿದ್ಧಲಿಂಗ ಸಾಹೇಬರು ಗೋಡೆ ಬಳಸಿಕೊಂಡು ಈಚೆ ಬಂದರು. ಹಾಜಿಮಲಂಗ್ ಮತ್ತೆ ಎದ್ದು ನಿಂತ. "ಚಂದ್ರಂಪಳ್ಳಿ" ಎಂದು ನರಸಪ್ಪ ಧೀರೇಂದ್ರನ ಕಿವಿಯಲ್ಲಿ ಉಸುರಿದ.

"ಆ ಸಪೋರ್ಟ್ ಆಡ್ಲಿಕತ್ತಿದ್ದವ್ರು ಯಾರ್ರಿ?" ಎಂದರು ಸಾಹೇಬರು.

"ನಾನ್ರಿ ಸರ" ಎಂದ ಧೀರೇಂದ್ರ.

ಸಾಹೇಬರು ಅವನ ಬೆನ್ನು ತಟ್ಟಿದರು. "ಮ್ಯಾಚ್ ಹೋಗ್ಲಿ ಬಿಡ್ರಿ. ಇಷ್ಟು ಮಜಾ ನಂಗ ಎಂದೂ ಬಂದಿಲ್ಲ. ಏನ್ ಓಡ್ತೀರಿ ಮಾರಾಯರ, ಏನ್ ಸಾಯ್ತೀರಿ!"

ಅಬ್ದುಲ್ ಕರೀಮ್ ಚಹಾ, ಮಿರ್ಚಿ ಭಜಿ ತರಿಸಿದ. ರೇವಣಪ್ಪನವರು ಗೆದ್ದ ಖುಷಿಯಲ್ಲಿ ಕೊಟ್ಟ ಮಾತು ಮರೆಯಲಿಲ್ಲ. "ಸರ, ಇವರದೊಂದು ಟ್ರಾನ್ಸ್‌ಫರ್ ಕೇಸ್ ಅದರಿ. ಹೆಂಡತಿ, ಮಗಳು ಗುಲ್ಬರ್ಗಾದಾಗ ಇರ್ತಾರ. ಛಲೋ ಮನಷ್ಯಾ. ನೀವು ಮನಸ್ಸು ಮಾಡಬೇಕು."

"ಇಂಥವ್ರಿಗಿ ಮಾಡ್ಲಿಲ್ಲಂದ್ರ ಯಾರಿಗಿ ಮಾಡೋದ್ರಿ? ನಾಳೆ ಬಂದ್ ಸೇರ್ಕೊಳ್ರಿ" ಎಂದರು ಸಾಹೇಬರು. ಧೀರೇಂದ್ರನ ಕಣ್ಣಲ್ಲಿ ನೀರೇ ಬಂತು. ಮಗಳು ಅಪ್ಪಾ ಎಂದು ಕರೆದದ್ದು ಕಿವಿಗೆ ಕೇಳಿಸಿದಂತಾಯಿತು.

ಭಜಿ ಅರ್ಧ ಕಡಿದ ಸಾಹೇಬರು ತಟ್ಟನೆ ನಿಲ್ಲಿಸಿದರು.

"ತಡೀರಿ. ಗುಲ್ಬರ್ಗಾಕ್ಕ ಬಂದ್ರ ನೀವು ನಮ್ಮ ಟೀಮಿನವ್ರು ಆಗ್ತೀರಿ, ಹೌದಿಲ್ಲ?"

"ಹೌದ್ರಿ ಸರ. ನಿಮ್ಮ ಸೇವಾಕ್ಕೇ ಇರ್ತೀನಿ."

"ಅಲ್ರಿ, ನಮ್ಮ ಟೀಮಿನವ್ರನ್ನ ನಾ ಹ್ಯಾಂಗ ಕೊಲ್ಲಲಿ?"

ಧೀರೇಂದ್ರ ಕೈ ಮುಗಿದ. "ಸರ, ನಾ ಗುಲ್ಬರ್ಗಾದಾಗಿದ್ರೂ ಸೇಡಂ ಕಡಿಂದೇ ಆಡ್ತೀನ್ರಿ. ಬೇಕಾದಷ್ಟು ಸಲ ಸಾಯ್ತೀನ್ರಿ."

"ಹಂಗ ನಡಿಯಂಗಿಲ್ರಿ. ಯಾವ ಶಾಖಾನೋ ಆ ಟೀಮು. ರೂಲ್ಸ್ ನಾನೇ ಮಾಡೀನಿ, ನಾನೇ ಮುರೀಲೇನು?" ಸಾಹೇಬರು ರೇವಣಪ್ಪನವರ ಕಡೆ ತಿರುಗಿದರು. "ಇವ್ರನ್ನ ಇಲ್ಲಿಂದ ಅಲುಗಿಸಬ್ಯಾಡ್ರಿ. ಮುಂದಿನ ವಾರದಿಂದ ನಾ ಪ್ರತಿ ಐತವಾರ ಸೇಡಂಕ್ಕ ಬರ್ತೀನಿ."

"ಅಗದಿ ಬರೋಬ್ಬರಿ ಮಾತ್ರಿ ಸರ" ಎಂದರು ರೇವಣಪ್ಪನವರು. ಪ್ರತಿ ಐತವಾರ ಕೋಟೆ ಒಡೆಯುವ ಯೋಗ ಯಾರಿಗೆ ಬೇಡ?

"ಚಂದ್ರಂಪಳ್ಳಿ ತಪ್ತಲ, ಅಷ್ಟೇ ಸಾಕು ಬಿಡ್ರಿ" ಎಂದು ನರಸಪ್ಪ ಸಮಾಧಾನ ಹೇಳಿದ. ಅವನ ಬಾಯಿಗೆ ಭಜಿ ತುರುಕಬೇಕೆನ್ನಿಸಿತು ಧೀರೇಂದ್ರನಿಗೆ.

ಸಂಜೆ ಖಾಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮನೆಗೆ ಫೋನ್ ಹಚ್ಚಿದ. ಇನ್ನು ಮೇಲೆ ಐತವಾರವೂ ಬರುವುದಕ್ಕಾಗುವುದಿಲ್ಲ ಎಂದು ಹೆಂಡತಿಗೆ ಯಾವ ಬಾಯಿಂದ ಹೇಳುವುದೋ ತಿಳಿಯದೆ ಒದ್ದಾಡುತ್ತಿರುವಾಗ ಫೋನನ್ನು ಎತ್ತಿದ್ದು ವೃಂದಾ.

"ಪುಟ್ಟಿ, ನಾನು" ಎಂದ.

ಮಾಮಾ ಎಂದಾದರೂ ಕರೆಯಲಿ ಎಂದು ಧೀರೇಂದ್ರ ಕಿವಿಯನ್ನು ಫೋನಿಗೆ ಒತ್ತಿ ಹಿಡಿದ.

"ಅಮ್ಮಾ" ಎಂದು ಕೂಸು ಒಳಗೆ ಕೂಗಿತು, "ಯಾರೋ ಫೋನ್ ಮಾಡ್ಯಾರ."