ಒಡೆಯದ ಸಂಖ್ಯೆಯ ಸಂಬಂಧ

ಕೆಲವರಿಗೆ ಗೋಡೆಯ ಮೇಲಿನ ಫೋಟೊ ಸೊಟ್ಟಗಿದ್ದರೆ ಸಮಾಧಾನವಿರುವುದಿಲ್ಲ. ನನಗೆ ಸಂಖ್ಯೆಯೊಂದು ಇಡಿಯಾಗಿ ಕಂಡರೆ ಸಮಾಧಾನವಿಲ್ಲ, ಭಾಗಿಸಿ ಒಡೆಯಲೇಬೇಕು. ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದರೆ ಡಬ್ಬಿಯ ನಂಬರನ್ನು ಏಳರಿಂದ, ಹನ್ನೊಂದರಿಂದ ಭಾಗಿಸುತ್ತಾ ನಿಲ್ಲುತ್ತೇನೆ. ಎದುರಿನ ಸೀಟು ಖಾಲಿಯಾದದ್ದೂ ತಿಳಿಯುವುದಿಲ್ಲ. ಯಾವುದರಿಂದಲೂ ಒಡೆಯದ ಸಂಖ್ಯೆ, ಅಂದರೆ ಅವಿಭಾಜ್ಯ, ಸಿಕ್ಕಿದ ದಿನ ಆಫೀಸಿನಲ್ಲಿ ಯಾರು ಬೈದರೂ ನಾಟುವುದಿಲ್ಲ. ಧಾರವಾಡದ ಶಾಲೆಯಲ್ಲಿ ಅಂಟಿದ ಚಟ, ಮುಂಬೈಗೆ ಬಂದರೂ ಬಿಟ್ಟಿಲ್ಲ. "ನಿಮಗ ನಂಬರಿನ ಬ್ಯಾನಿ ಐತ್ರಿ" ಎನ್ನುತ್ತಾಳೆ ಹೆಂಡತಿ ಶಾಂತಾ.

ಈ ಬೇನೆ ಹೊತ್ತುಕೊಂಡೇ ಹೋದ ಭಾನುವಾರ ಮಗಳು ಅಶ್ವಿನಿಗೆ ಬಂದ ಸಂಬಂಧದವರ ಮನೆ ನೋಡಲು ಗೋರೆಗಾಂವ್‌ಗೆ ಹೋದೆವು. ಈ ಕಾಲದ ಪದ್ಧತಿಯಂತೆ ಮಗಳೂ ಬಂದಿದ್ದಳು. ಹುಡುಗನ ತಂದೆ ವಿಜಯಪುರದವರು, ಬಟ್ಟೆ ವ್ಯಾಪಾರಿ. ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ನನ್ನ ಹವ್ಯಾಸ ಕೇಳಿದರು. ಶಾಂತಾ ಕಣ್ಣು ಬಿಟ್ಟರೂ ಹೇಳಿಬಿಟ್ಟೆ.

"ಹಂಗಾರ ಕೇಳ್ರಿ. ಸಪ್ತಪದಿಗೆ ಏಳು ಹೆಜ್ಜಿ. ಒಂದರಿಂದ ಏಳರ ತನಕಾ ಸಾಲಾಗಿ ಬರದ್ರ ಆಗೋ ಸಂಖ್ಯಾ ಒಡೀತದೇನು ನೋಡ್ರಿ. ಒಡೀಲಿಲ್ಲಂದ್ರ ಶುಭಶಕುನ, ಇವತ್ತ ಮಾತು ಮುಗಿಸಿಬಿಡೋಣು" ಎಂದರು.

ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರದ ಐನೂರ ಅರವತ್ತೇಳು. ಮಗಳ ಮದುವೆ ಭಾಗಾಕಾರಕ್ಕೆ ಬಿತ್ತು. ಬೆಸ ಸಂಖ್ಯೆ, ಎರಡು ಹೋಗದು. ಅಂಕಿ ಕೂಡಿಸಿದರೆ ಇಪ್ಪತ್ತೆಂಟು, ಮೂರೂ ಹೋಗದು. ಏಳರಿಂದ ಮುಂದೆ ತೊಡೆಯ ಮೇಲೆ ಬೆರಳಿನಿಂದ ಬರೆಯುತ್ತಾ ಹೊರಟೆ. ಉಪ್ಪಿಟ್ಟು ಆರಿತು. ಅವರು ಊರಿನ ಸುದ್ದಿ ಹೇಳಿದರು, ನಾನು ತಲೆಯಾಡಿಸಿದೆ. ವರ್ಗಮೂಲದ ನಿಯಮದಂತೆ ಸಾವಿರದ ನೂರ ಹನ್ನೊಂದರವರೆಗೂ ನೋಡಬೇಕು. ನೂರ ಹದಿಮೂರು ಮುಗಿಯುವಷ್ಟರಲ್ಲಿ ಶಾಂತಾ ಚಿವುಟಿದಳು: "ರೀ, ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

"ಒಡೆಯಂಗಿಲ್ರಿ" ಎಂದೆ. ಎಲ್ಲರ ಮುಖವೂ ಅರಳಿತು. ಅಶ್ವಿನಿ ಮೊಬೈಲ್ ನೋಡಿ ನಕ್ಕು, ಒಪ್ಪಿಗೆ ಎಂದಳು. ಬಾಯಿಗೆ ಪೇಡೆ ಬಿತ್ತು.

ಮರಳುವಾಗ ಲೋಕಲ್‌ನಲ್ಲಿ ಮನಸ್ಸು ತಡೆಯಲಿಲ್ಲ. ನೂರ ಹದಿಮೂರರ ನಂತರದ ಅವಿಭಾಜ್ಯ ನೂರ ಇಪ್ಪತ್ತೇಳು. ಅಂಧೇರಿ ದಾಟುವಾಗ ಭಾಗಿಸಿದೆ. ಶೇಷ ಸೊನ್ನೆ. ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ಒಡೆಯುತ್ತಿತ್ತು. ಸುಳ್ಳು ಹೇಳಿ ಮಗಳನ್ನು ಕೊಟ್ಟಂತಾಯಿತಲ್ಲ ಎಂದು ಬೆವತು, ಅವಳಿಗೆ ಹೇಳಿಯೇಬಿಟ್ಟೆ.

"ಪಪ್ಪಾ, ಮಾಲೂಮ್ ಹೈ, ನಂಗೆ ಆಗ್ಲೇ ಗೊತ್ತು. ಹುಡುಗ ಅಲ್ಲೇ ಮೊಬೈಲ್‌ನಾಗೆ ಚೆಕ್ ಮಾಡಿ ನಂಗೆ ಮೆಸೇಜ್ ಹಾಕ್ದ. ಒಡೀತದೆ, ಆದ್ರೆ ಪಪ್ಪಾಗೆ ಬೋಲ್ನಾ ಮತ್, ಹೇಳಿದ್ರೆ ಎಲ್ಲರ ಮುಂದೆ ಬೇಜಾರ್ ಆಗ್ತದೆ ಅಂತ. ಅದಕ್ಕೇ ನಾನು ಹಾಂ ಅಂದೆ."

ನನ್ನ ಕಣ್ಣು ತುಂಬಿತು. ಆದರೂ ಬೇನೆ ಬೇನೆಯೇ. ಭಾಗಲಬ್ಧ ಒಂಬತ್ತು ಸಾವಿರದ ಏಳುನೂರ ಇಪ್ಪತ್ತೊಂದು. ಅದು ಮತ್ತೆ ಒಡೆಯುತ್ತದೆಯೇ, ಅವನನ್ನು ಕೇಳು ಎಂದೆ. ಉತ್ತರ ತಕ್ಷಣ ಬಂತು: "ಅದನ್ನು ಪಪ್ಪಾನೇ ನೋಡಲಿ, ಅವರಿಗೆ ಮಜಾ ಬರ್ತದೆ."

ನೋಡಿದೆ. ಒಡೆಯುವುದಿಲ್ಲ, ಈ ಸಲ ಕೊನೆಯವರೆಗೂ ಭಾಗಿಸಿದ್ದೇನೆ. ಸಯನ್ ಗಾಡಿ ಹಿಡಿಯಲು ದಾದರ್‌ನಲ್ಲಿ ಇಳಿಯುವಾಗ ತಾಯಿ, ಮಗಳು ಇಬ್ಬರೂ ನನ್ನನ್ನು ಕೂಗಿದರಂತೆ. ತಲೆಯೆತ್ತಿ ನೋಡಿದರೆ ದಾದರ್ ದಾಟಿ ಐದನೆಯ ಸ್ಟೇಷನ್, ಗ್ರಾಂಟ್ ರೋಡ್.